ಲೀಡ್ ಎಲ್ಲಿ ಹೋಯ್ತು?

ಚುನಾವಣೆ ಬಂತೆಂದರೆ ನಮ್ಮ ಹಳ್ಳಿಗಳಲ್ಲಿ ಎಂಥ ಒಗ್ಗಟ್ಟು ಅಂತೀರಿ! ಬೆಳಿಗ್ಗೆ ಒಂದು ಪಕ್ಷದ ಅಭ್ಯರ್ಥಿ ಬರುತ್ತಾರೆ. ಕ್ರೇನ್‌ನಲ್ಲಿ ಸೇಬಿನ ಹಾರ, ಜೆಸಿಬಿ ಮೇಲಿಂದ ಹೂವು, ಹೆಂಗಸರ ಆರತಿ. "ಅಣ್ಣಾ, ತಲೆ ಕೆಡಿಸ್ಕೋಬೇಡಿ. ಇಡೀ ಊರು ನಿಮ್ಮ ಕಡೆ. ಲೀಡ್ ಕೊಡೋ ಜವಾಬ್ದಾರಿ ನಮ್ದು." ಸಂಜೆ ಎದುರು ಪಕ್ಷದವರು ಬರುತ್ತಾರೆ. ಅದೇ ಜೆಸಿಬಿ, ಅದೇ ಅಣ್ಣಾ, ಅದೇ ಜವಾಬ್ದಾರಿ. ಎರಡು ಹೊತ್ತೂ ಇಡೀ ಊರಿಗೆ ಒಂದೇ ಅಭಿಪ್ರಾಯ.

ಪೇಟೆಯವರು ನಗಬೇಕಾಗಿಲ್ಲ. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು ನೋಡಿ. ನೀರಿನ ಟ್ಯಾಂಕರ್ ದರಕ್ಕೆ ಎರಡು ದಿನ ಕಿತ್ತಾಡುವ ಜನ, ರಾಜಕೀಯದ ಫಾರ್ವರ್ಡ್ ಬಿದ್ದ ಕೂಡಲೇ ಸಾಲಾಗಿ ಕೈ ಮುಗಿಯುತ್ತಾರೆ. ಯಾರೋ ಒಬ್ಬರು ಪಾಪ, "ಇದು ನಿಜಾನಾ?" ಅಂತ ಕೇಳುತ್ತಾರೆ. ಒಂದು ನಿಮಿಷ ಯಾರೂ ಮಾತಾಡುವುದಿಲ್ಲ. ಆಮೇಲೆ ಆ ಜಾಗದಲ್ಲಿ 'ಈ ಸಂದೇಶವನ್ನು ಅಳಿಸಲಾಗಿದೆ' ಅಂತ ಕಾಣುತ್ತದೆ. ಅದರ ಕೆಳಗೆ ಅದೇ ವ್ಯಕ್ತಿಯ ಎರಡು ಮುಗಿದ ಕೈ.

ಇದನ್ನು ಅಮೆರಿಕದ ಸಾಲೊಮನ್ ಆಶ್ ಎಂಬ ಮನಶ್ಶಾಸ್ತ್ರಜ್ಞ 1951ರಲ್ಲೇ ತೋರಿಸಿದ್ದರು. ಒಂದು ಕಾರ್ಡಿನಲ್ಲಿ ಒಂದು ಗೆರೆ, ಇನ್ನೊಂದರಲ್ಲಿ ಮೂರು. ಮೂರರಲ್ಲಿ ಯಾವುದು ಮೊದಲಿನ ಗೆರೆಯಷ್ಟೇ ಉದ್ದ ಅಂತ ಹೇಳಬೇಕು, ಅಷ್ಟೇ. ಕೋಣೆಯಲ್ಲಿದ್ದ ಉಳಿದವರೆಲ್ಲ ಆಶ್ ಕಡೆಯವರು. ಬೇಕಂತಲೇ ಒಟ್ಟಾಗಿ ತಪ್ಪು ಉತ್ತರ ಹೇಳುತ್ತಿದ್ದರು. ಪರೀಕ್ಷೆಗೆ ಕೂತವರಲ್ಲಿ ಸುಮಾರು ಮುಕ್ಕಾಲು ಪಾಲು ಜನ ಒಂದು ಸಲವಾದರೂ ಆ ತಪ್ಪಿಗೆ ಹೂಂಗುಟ್ಟಿದರು. ಗಮನಿಸಿ, ಅಲ್ಲಿ ಸೇಬಿನ ಹಾರ ಇರಲಿಲ್ಲ, ಬಾಡೂಟ ಇರಲಿಲ್ಲ. ಸುಮ್ನೆ ಒಂದು ಗೆರೆ! ನಾಲ್ಕರಲ್ಲಿ ಒಬ್ಬರು ಮಾತ್ರ ಕೊನೆವರೆಗೂ ಬಗ್ಗಲಿಲ್ಲ. ಅಂಥವರಿಗೆ ನಮ್ಮಲ್ಲಿ ತಲೆಹರಟೆ ಅಂತಾರೆ. ಮದುವೆ ಮನೆಯಲ್ಲಿ ಅವರನ್ನು ದೂರದ ಪಂಕ್ತಿಗೆ ಕೂರಿಸುತ್ತಾರೆ.

ಆಶ್ ಇನ್ನೊಂದನ್ನೂ ಕಂಡರು. ಉತ್ತರವನ್ನು ಬಾಯಲ್ಲಿ ಹೇಳುವ ಬದಲು ಗುಟ್ಟಾಗಿ ಬರೆದುಕೊಡಿ ಅಂದಾಗ ತಪ್ಪಿಗೆ ತಲೆ ಆಡಿಸುವವರು ತುಂಬಾ ಕಡಿಮೆಯಾದರು. ಅಂದರೆ ಕಣ್ಣು ಚೆನ್ನಾಗಿಯೇ ಇತ್ತು, ಪಕ್ಕದಲ್ಲಿ ಕೂತವರದ್ದೇ ತೊಂದರೆ.

ನಮ್ಮ ಪ್ರಜಾಪ್ರತಿನಿಧಿ ಕಾಯ್ದೆಯೂ ಅದೇ 1951ರದ್ದು. ಮತದ ಗುಟ್ಟು ಬಿಟ್ಟುಕೊಟ್ಟ ಸಿಬ್ಬಂದಿಗೆ, ಏಜೆಂಟರಿಗೆ ಮೂರು ತಿಂಗಳವರೆಗೆ ಜೈಲು ಅನ್ನುತ್ತದೆ ಅದರ 128ನೇ ಕಲಂ. ವರ್ಷವಿಡೀ ಭಾವ, ಮಾವ, ಮಠ, ಸಂಘ, ಸಂಬಳ ಕೊಡುವ ಧಣಿ ಅಂತ ಎಲ್ಲರ ಮುಖ ನೋಡಿ ಅಭಿಪ್ರಾಯ ಹೇಳುವ ಮನುಷ್ಯ, ಆ ರಟ್ಟಿನ ಮರೆಯಲ್ಲಿ ಅರ್ಧ ನಿಮಿಷ ಒಬ್ಬನೇ ಇರುತ್ತಾನೆ. ಬೀಪ್ ಅಂತ ಸದ್ದಾಗುತ್ತದೆ. ಹೊರಗೆ ಬಂದು ಮತ್ತೆ ಎಲ್ಲರ ಜೊತೆ ಟೀ ಕುಡಿಯುತ್ತಾನೆ.

ಇಷ್ಟು ಸ್ವಾತಂತ್ರ್ಯ ಜಾಸ್ತಿಯಾಯ್ತು ಅಂತ ಅನಿಸಿತೋ ಏನೋ, ಎಣಿಕೆ ಮಾತ್ರ ಬೂತ್‌ವಾರು. ಯಾವ ಬೂತಲ್ಲಿ ಯಾರಿಗೆ ಎಷ್ಟು ಅಂತ ಫಾರಂ 20ರಲ್ಲಿ ಸಾಲುಸಾಲಾಗಿ ಸಿಗುತ್ತದೆ. ಮತಪತ್ರದ ಕಾಲದಲ್ಲಿ ಹಲವು ಬೂತುಗಳ ಚೀಟಿ ಬೆರೆಸಿ ಎಣಿಸುವುದಕ್ಕಾದರೂ ನಿಯಮವಿತ್ತು. ಈಗಿನ ಯಂತ್ರಗಳ ಲೆಕ್ಕ ಹಾಗೇ ಬೆರೆಸಲು ಟೋಟಲೈಸರ್ ತರೋಣ ಅಂತ ಚುನಾವಣಾ ಆಯೋಗ 2008ರಲ್ಲಿ ಕೇಳಿತು. 2015ರಲ್ಲಿ ಕಾನೂನು ಆಯೋಗವೂ ತಲೆದೂಗಿತು. ಕೇಂದ್ರ ಸರ್ಕಾರ ಮಾತ್ರ ಬೇಡ ಅಂದಿತು. ಇರಲಿ ಬಿಡಿ, ಲೀಡ್ ಎಷ್ಟು ಅಂತ ಗೊತ್ತಾಗದಿದ್ದರೆ ರಸ್ತೆಗೆ ಡಾಂಬರು ಯಾವ ಊರಿಗೆ ಹಾಕುವುದು, ಯಾವ ಊರಿಗೆ ಬಿಡುವುದು?

ಈ ತಲೆನೋವೇ ಬೇಡ ಅಂತ ಕೆಲವು ಊರುಗಳು ಮತದಾನವನ್ನೇ ಕೈಬಿಟ್ಟಿವೆ. 2020ರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಸದಸ್ಯರು ಅವಿರೋಧವಾಗಿ ಗೆದ್ದರು. ಅದರಲ್ಲಿ ನಿಜವಾಗಿ ಎಲ್ಲರೂ ಒಪ್ಪಿ ಕೂರಿಸಿದವರೂ ಇರಬಹುದು, ಇಲ್ಲ ಅನ್ನುವುದಿಲ್ಲ. ಆದರೆ ಅದೇ ಹೊತ್ತಿನಲ್ಲಿ ಕೆಲವು ಊರುಗಳಲ್ಲಿ ಸದಸ್ಯ ಸ್ಥಾನವನ್ನೇ ಹರಾಜು ಹಾಕಿದ ಸುದ್ದಿ ಬಂತು. ದೇವಸ್ಥಾನಕ್ಕೆ ಯಾರು ಜಾಸ್ತಿ ಕೂಗುತ್ತಾರೋ ಅವರ ಕಡೆ ಇಡೀ ಊರು. ನಾಮಪತ್ರ ಹಾಕಲು ಹೊರಟ ತಲೆಹರಟೆಗೆ ದೇವರ ಎದುರು ನಿಂತ ಪಾಪ ಬೇರೆ.

ಲೀಡ್ ತಪ್ಪಿದ ಊರಿನ ಕತೆಯೇ ಬೇರೆ. ಫಲಿತಾಂಶದ ಮಾರನೇ ದಿನ ಅರಳಿಕಟ್ಟೆಯಲ್ಲಿ ವಿಚಾರಣೆ. ಎದುರು ಪಾರ್ಟಿಗೆ 46 ವೋಟು ಬಿದ್ದಿದೆ ಅಂದುಕೊಳ್ಳಿ.

"ಯಾರ್ರೀ ಆ 46 ಜನ?"

"ನಮ್ಮ ಬೀದಿಯವರಲ್ಲ ಅಣ್ಣಾ."

"ನಮ್ಮದೂ ಅಲ್ಲ."

"ಉಂಡ ಮನೆಗೆ ದ್ರೋಹ ಬಗೆದೋರನ್ನ ಬಿಡಬಾರದು ಅಣ್ಣಾ! ದೇವಸ್ಥಾನದಲ್ಲಿ ಆಣೆ ಮಾಡಿಸಿ!" ಅಂತ ಹಿಂದಿನ ಸಾಲಿನಿಂದ ಒಟ್ಟಾಗಿ ಕೂಗು. ಲೆಕ್ಕ ಹಾಕಿದರೆ ಹೆಚ್ಚುಕಮ್ಮಿ 46 ಗಂಟಲು.