ಶ್ರೀರಂಗಪಟ್ಟಣದಲ್ಲಿ 1809ರ ಸಿಪಾಯಿಗಳಿಗೆ ಸ್ಮಾರಕ ಬೇಕೇ?

ಪರ

ಶ್ರೀರಂಗಪಟ್ಟಣದ ಕೋಟೆಗೆ ಬಂದವರೆಲ್ಲ 1799ರ ಮೇ 4ರಂದು ಟಿಪ್ಪು ಮಡಿದ ಕಥೆ ಕೇಳಿ ಹಿಂದಿರುಗುತ್ತಾರೆ. ಅದಾದ ಹತ್ತು ವರ್ಷಕ್ಕೆ, ದ್ವೀಪ ಈಸ್ಟ್ ಇಂಡಿಯಾ ಕಂಪನಿಯ ವಶದಲ್ಲಿದ್ದಾಗ, ಅಲ್ಲಿದ್ದ ಕಂಪನಿಯ ಬ್ರಿಟಿಷ್ ಸೇನಾಧಿಕಾರಿಗಳೇ ಕೋಟೆಯನ್ನು ಹಿಡಿದುಕೊಂಡು ಮದ್ರಾಸಿನ ಗವರ್ನರ್ ಜಾರ್ಜ್ ಬಾರ್ಲೋನ ವಿರುದ್ಧ ದಂಗೆ ಎದ್ದದ್ದನ್ನು ಯಾರೂ ಹೇಳುವುದಿಲ್ಲ. ಅವರ ಸಿಟ್ಟಿಗೆ ಹಲವು ಕಾರಣಗಳಿದ್ದವು, ಮೊದಲನೆಯದು ಡೇರೆಯ ಹಣ. ಪಡೆಯ ಡೇರೆಗಳನ್ನು ಸುಸ್ಥಿತಿಯಲ್ಲಿಡಲೆಂದು ತಿಂಗಳು ತಿಂಗಳೂ ಅಧಿಕಾರಿಯ ಕೈಸೇರುತ್ತಿದ್ದ ಗುತ್ತಿಗೆ ಭತ್ಯೆಯನ್ನು ಸರ್ಕಾರ ನಿಲ್ಲಿಸಿತ್ತು. ಆ ಹಣದಲ್ಲಿ ಸಿಪಾಯಿಗೆ ಪಾಲಿರಲಿಲ್ಲ. ಆದರೂ ಆಗಸ್ಟ್ 11ರಂದು, ತಮ್ಮ ಅಧಿಕಾರಿಗಳ ಮಾತು ಕೇಳಿ ದಂಗೆಯನ್ನು ಸೇರಲು ಚಿತ್ರದುರ್ಗದಿಂದ ನಡೆದು ಬಂದ ಎರಡು ಪಟಾಲಂಗಳ ಮೇಲೆ ಕೋಟೆಯ ಸಮೀಪದಲ್ಲಿ ಸರ್ಕಾರದ ಪರವಿದ್ದ ಬ್ರಿಟಿಷ್ ಅಶ್ವದಳವೂ ಮೈಸೂರಿನ ದಿವಾನ್ ಪೂರ್ಣಯ್ಯನವರ ಸಿಲ್ಲೇದಾರ್ (ಸ್ವಂತ ಕುದುರೆಯೊಡನೆ ಸೇವೆಗೆ ಬರುವ) ಸವಾರರೂ ಎರಗಿದಾಗ, ಪ್ರಾಣ ತೆತ್ತವರು ಸಿಪಾಯಿಗಳು. ಕೋಟೆಯೊಳಗಿನ ದಂಗೆಯ ಮುಖಂಡ ಜಾನ್ ಬೆಲ್‌ನನ್ನು ಸೇನೆಯಿಂದ ವಜಾ ಮಾಡಿದರು, ಆದರೆ ಶಿಕ್ಷೆಗೊಳಗಾದ ಅಧಿಕಾರಿಗಳಲ್ಲಿ ಹಲವರನ್ನು ಕಂಪನಿ ಮುಂದೆ ಮತ್ತೆ ಸೇರಿಸಿಕೊಂಡಿತು. ಸತ್ತವರಿಗೆ ಅಂಥ ಕ್ಷಮೆಯೆಲ್ಲಿ?

ನನ್ನ ತಂದೆ ಸೇನೆಯಲ್ಲಿ ಹವಾಲ್ದಾರರಾಗಿದ್ದರು. ನಿವೃತ್ತರಾದ ಮೇಲೆ ಒಮ್ಮೆ ಅವರನ್ನು ಕಾವೇರಿಯ ದಡದ ಗ್ಯಾರಿಸನ್ ಸ್ಮಶಾನಕ್ಕೆ ಕರೆದುಕೊಂಡು ಹೋಗಿದ್ದೆ. ಸ್ವಿಸ್ಸರ ಡಿ ಮ್ಯೂರಾನ್ ರೆಜಿಮೆಂಟಿನವರ ಸಮಾಧಿಗಳ ನಡುವೆ ಒಂದೊಂದರ ಮುಂದೆಯೂ ನಿಂತು, ಕಲ್ಲಿನ ಅಕ್ಷರಗಳಲ್ಲಿ ಕೂತ ಮಣ್ಣನ್ನು ಉಗುರಿನಿಂದ ಬಿಡಿಸಿ ಹೆಸರು ಓದುತ್ತ ಬಂದರು. ಕೊನೆಯ ಸಾಲು ಮುಗಿಸಿ, "ನಮ್ಮೋರ್ದು ಎಲ್ಲೈತೆ ಮಗಾ?" ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಟಿಪ್ಪುವಿನ ಕೋಟೆಗೆ ಲಗ್ಗೆಯಿಟ್ಟು ಸತ್ತ ಕಂಪನಿಯವರ ನೆನಪಿಗೆ 1907ರಲ್ಲಿ ಮೈಸೂರು ಸರ್ಕಾರವೇ ಸ್ತಂಭ ನಿಲ್ಲಿಸಿರುವಾಗ, ಪರರ ಭತ್ಯೆಗಾಗಿ ಸತ್ತ ಸಿಪಾಯಿಗಳಿಗೆ ಒಂದು ಕಲ್ಲಾದರೂ ಬೇಡವೇ?

ವಿರೋಧ

ಈ ಪ್ರಶ್ನೆಗೆ ಬೇಡವೆನ್ನುವ ಪಕ್ಷವನ್ನು ನನಗೆ ವಹಿಸಲಾಗಿದೆ. ಸಿಪಾಯಿಗಳ ಸಾವಿಗೆ ನನ್ನಲ್ಲೂ ಮರುಕವಿದೆಯಾದರೂ, ಸ್ಮಾರಕವೆಂಬುದು ಮರುಕಕ್ಕಿಂತ ದೊಡ್ಡ ಮಾತು. 1806ರ ಜುಲೈ 10ರಂದು ವೆಲ್ಲೂರಿನ ಕೋಟೆಯಲ್ಲಿ ಸಿಪಾಯಿಗಳು ಎದ್ದದ್ದು ತಮ್ಮದೇ ಕಾರಣಕ್ಕೆ: ಹೊಸ ಪೇಟದ ಆಜ್ಞೆ, ಹಣೆಯ ನಾಮ ವಿಭೂತಿಗಳ ಮೇಲಿನ ನಿರ್ಬಂಧ. ಶ್ರೀರಂಗಪಟ್ಟಣದ್ದು ದೊರೆಗಳ ದುಡ್ಡಿನ ಜಗಳ. ಅದಕ್ಕೆ ಕಂಬ ನಿಲ್ಲಿಸಿದರೆ, ನಾಳೆ ಮಕ್ಕಳು ಅದನ್ನೂ ಸ್ವಾತಂತ್ರ್ಯ ಹೋರಾಟವೆಂದೇ ಓದಿಕೊಳ್ಳುತ್ತಾರೆ. ಇನ್ನು, ಸಿಪಾಯಿಗಳ ಮೇಲೆ ಕತ್ತಿ ಎತ್ತಿದವರಲ್ಲಿ ಮೈಸೂರಿನ ಸವಾರರೂ ಇದ್ದರೆಂದ ಮೇಲೆ ಆ ಕಲ್ಲಿನ ಮೇಲೆ ಏನೆಂದು ಕೆತ್ತಿಸುವುದು?

ಮುಖ್ಯವಾಗಿ, ಇರುವ ಕೋಟೆಯೇ ಉಳಿಯಬೇಕಾಗಿದೆ. ಮಳೆಗಾಲದಲ್ಲಿ ಗೋಡೆ ಕುಸಿಯುತ್ತದೆ, ಕಲ್ಲಿನ ಸಂದುಗಳಲ್ಲಿ ಅರಳಿ ಗಿಡಗಳು ಬೇರು ಬಿಡುತ್ತವೆ. ಆ ಗೋಡೆಗಳಿಗೆ ಗಾರೆ ತುಂಬಿಸಲು ಹಣವನ್ನು ಮೊದಲು ಕೊಡಲಿ. ಜನ ಬಂದು ಓದುವಂತೆ 1809ರ ಸಂಗತಿಯನ್ನು ಕನ್ನಡದಲ್ಲಿ ತಿಳಿಸುವ ಸಣ್ಣ ಫಲಕವೊಂದನ್ನು ಕೋಟೆ ಬಾಗಿಲ ಬಳಿ ಹಾಕುವುದಾದರೆ, ಅದಕ್ಕೆ ನನ್ನ ವಿರೋಧವಿಲ್ಲ.