ಆಮೆನ್ ಅಂತ ಟೈಪ್ ಮಾಡಿ

ಬೆಳಿಗ್ಗೆ ಎದ್ದು ಫೋನ್ ತೆಗೆದರೆ ಮೊದಲು ಕಾಣುವುದೇ ಇದು: ‘ಈ ಪ್ರಾರ್ಥನೆ ಸ್ಕಿಪ್ ಮಾಡಬೇಡಿ. ಆಮೆನ್ ಅಂತ ಟೈಪ್ ಮಾಡಿ, ಏಳು ಜನರಿಗೆ ಕಳಿಸಿ.’ ನಮ್ಮ ವಾಡೊದ, ಅಂದರೆ ಚರ್ಚಿನ ವಾರ್ಡಿನ, ವಾಟ್ಸ್‌ಆ್ಯಪ್ ಗ್ರೂಪಿನಲ್ಲೂ ಅದೇ. ನಾನೂ ಕೈಮುಗಿದ ಚಿತ್ರ ಹಾಕುತ್ತೇನೆ, ಸುಳ್ಳು ಯಾಕೆ ಹೇಳಲಿ. ಹಾಕದಿದ್ದರೆ ವಾಡೊದ ಮುಖಂಡರು, ನಮ್ಮ ಗುರ್ಕಾರರು, ಏನು ಅಂದುಕೊಳ್ಳುತ್ತಾರೋ ಅಂತ.

ಹಾಗಂತ ಮೈಕ್ ಹಿಡಿದವರೆಲ್ಲ ನಾಟಕದವರು, ಸುಮ್ಮನಿರುವವರೆಲ್ಲ ಭಕ್ತರು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಕಾಸರಗೋಡಿನ ಬೇಳದ ಶೋಕಮಾತೆಯ ಇಗರ್ಜಿ 1890ರದ್ದು. ಅಲ್ಲಿ ಗಂಟೆ ಬಾರಿಸುವುದೂ ಊರಿಗೆ ಕೇಳಲಿ ಅಂತಲೇ ಅಲ್ವಾ? ಮಾತೆ ಮರಿಯಳ ಹುಟ್ಟುಹಬ್ಬ ಮೊಂತಿ ಹಬ್ಬಕ್ಕೆ ಹೂ ತರುವ ಮಕ್ಕಳ ಗಲಾಟೆ ಇಲ್ಲದಿದ್ದರೆ ಅದು ಹಬ್ಬವೇ ಅಲ್ಲ.

ಮತ್ತಾಯನ 5ನೇ ಅಧ್ಯಾಯದಲ್ಲಿ ಯೇಸು, ನಿಮ್ಮ ಬೆಳಕು ಜನರ ಮುಂದೆ ಬೆಳಗಲಿ ಅನ್ನುತ್ತಾರೆ. ಪುಟ ತಿರುಗಿಸಿದರೆ 6ರಲ್ಲಿ, ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದು ಅಂತ. ಯಾವುದು ಸರಿ ಅಂತ ಚಿಕ್ಕಂದಿನಲ್ಲಿ ಕೇಳಿ ಬೈಸಿಕೊಂಡಿದ್ದೆ. ಈಗ ಓದಿದರೆ ಅಲ್ಲೇ ಉತ್ತರ ಇದೆ. ಮೊದಲನೆಯದರಲ್ಲಿ ಜನ ಕೊನೆಗೆ ಹೊಗಳುವುದು ಪರಲೋಕದ ತಂದೆಯನ್ನು. ಎರಡನೆಯದರಲ್ಲಿ ಕೊಟ್ಟವನನ್ನು.

2020ರ ಲಾಕ್‌ಡೌನ್‌ನಲ್ಲಿ ನಾವು ಅಕ್ಕಿ ಕಿಟ್ ಹಂಚಿದೆವು. ಫೋಟೋ ಹಾಕಿದ್ದು ನಾನೇ. ಇನ್ನೂರಕ್ಕಿಂತ ಜಾಸ್ತಿ ಲೈಕ್ ಬಂತು. ಕಿಟ್ ತೆಗೆದುಕೊಂಡ ಅಜ್ಜಿ ಮಾತ್ರ ನೆಲ ನೋಡುತ್ತಿದ್ದರು. ಅವರ ಹೆಸರನ್ನೂ ನಾನು ಕೇಳಿರಲಿಲ್ಲ.

ಇನ್ನು ನಮ್ಮ ಪಕ್ಕದ ಮನೆಯವರು. ಊರಿಗೆಲ್ಲ ಬಾಯಮ್ಮ, ನನಗೆ ಚಿಕ್ಕಮ್ಮನ ಹಾಗೆ, ಮಾವ್ಶಿ. ಭಕ್ತೆ ಅಂತ ಅವರನ್ನು ಯಾರೂ ಹೇಳಲಿಕ್ಕಿಲ್ಲ. ತೇರ್ಸಿನ, ಅಂದರೆ ಜಪಮಾಲೆ ಪ್ರಾರ್ಥನೆಯ, ಮೂರನೇ ರಹಸ್ಯಕ್ಕೆ ತೂಕಡಿಸುತ್ತಾರೆ. ಇಗರ್ಜಿಯ ಮೆಟ್ಟಿಲಲ್ಲೇ ಯಾರದಾದರೂ ಸುದ್ದಿ ತೆಗೆಯುತ್ತಾರೆ. ಆದರೆ ವಾರಕ್ಕೊಮ್ಮೆ ಬಸ್ಸು ಹತ್ತಿ ಸ್ವರ್ಗಕ್ಕೆ ಹೋಗುತ್ತಾರೆ. ತಮಾಷೆ ಅಲ್ಲ, ಎಣ್ಮಕಜೆ ಪಂಚಾಯತಿನಲ್ಲಿ ಆ ಹೆಸರಿನ ಊರಿದೆ. 2000ದವರೆಗೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಗೇರು ತೋಟಗಳಿಗೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಸುರಿದ ಕಡೆ ಅದು. ಹಿಂದೆ ಇವರ ಜೊತೆ ಬೀಡಿ ಕಟ್ಟುತ್ತಿದ್ದ ಹೆಂಗಸಿನ ಮನೆ ಅಲ್ಲಿದೆ. ಮಗಳಿಗೆ ಮೂವತ್ತು ದಾಟಿದೆ. ಹುಟ್ಟಿದಾಗಿನಿಂದ ಮಲಗಿದಲ್ಲೇ. ಅವರು ಹಿಂದೂಗಳು. ಮಾವ್ಶಿ ಅಲ್ಲಿ ಬೈಬಲ್ ಎತ್ತಿದ್ದೂ ಇಲ್ಲ, ಊರಲ್ಲಿ ಈ ವಿಷಯ ಎತ್ತಿದ್ದೂ ಇಲ್ಲ. ಒಂದು ದಿನ ಬಸ್ ಮುಷ್ಕರ ಅಂತ ನನ್ನ ಸ್ಕೂಟರ್ ಕೇಳಿದ್ದಕ್ಕೆ ನನಗೆ ಗೊತ್ತಾಯಿತು.

ಆ ಹುಡುಗಿಯ ಕುತ್ತಿಗೆಯನ್ನು ತಮ್ಮ ಮೊಣಕಾಲಿನ ಮೇಲಿಟ್ಟುಕೊಂಡು ಚೆಂಬಿನಿಂದ ಬಿಸಿನೀರು ಹೊಯ್ದರು. ಕಿವಿಗೆ ನೀರು ಹೋಗದ ಹಾಗೆ ಅಂಗೈ ಅಡ್ಡ ಹಿಡಿದಿದ್ದರು. ಬಾಯಿ ಮಾತ್ರ ನಿಲ್ಲಲಿಲ್ಲ, ನಮ್ಮ ವಾಡೊದ ಸುದ್ದಿಯೆಲ್ಲ ಅವಳಿಗೆ ಹೇಳಿದರು. ಅವಳು ಒಮ್ಮೆ ನಕ್ಕಳು. ಅಭ್ಯಾಸ ನೋಡಿ, ನನ್ನ ಕೈ ಜೇಬಿನ ಫೋನಿಗೆ ಹೋಗಿತ್ತು.

“ಆ ಟವೆಲ್ ಕೊಡು” ಅಂದರು ಮಾವ್ಶಿ.

ವಾಪಸ್ ಬರುವಾಗ ಪೆರ್ಲದಲ್ಲಿ ಚಾ ಕುಡಿಯುತ್ತಾ ಕೇಳಿದೆ: “ಅವಳಿಗಾಗಿ ಪ್ರಾರ್ಥನೆ ಮಾಡ್ತೀರಾ ಮಾವ್ಶಿ?”

“ಮಾಡ್ತೇನಪ್ಪ, ಬಸ್ಸಿನಲ್ಲಿ. ಬದಿಯಡ್ಕ ಬರುವಾಗ ನಿದ್ದೆ ಬರ್ತದೆ.”