ರೇಸ್ ಕಾರು ನಮ್ಮ ಮನೆ ಕಾರಿಗೆ ಏನು ಕೊಟ್ಟಿದೆ?

ರೇಸಿನಲ್ಲಿ ಓಡುವ ಕಾರಿಗೂ ನಮ್ಮ ಅಂಗಳದಲ್ಲಿ ನಿಂತಿರುವ ಕಾರಿಗೂ ನಿಜಕ್ಕೂ ನೆಂಟಸ್ತಿಕೆ ಇದೆಯಾ? ಘಟ್ಟದ ಮೇಲಿನವರೊಬ್ಬರು ಇದೆ ಅನ್ನುತ್ತಾರೆ. ಘಟ್ಟದ ಕೆಳಗಿನವರೊಬ್ಬರು ಒಪ್ಪುವುದಿಲ್ಲ.

ಪರ: ದೇವಿಮನೆ ಇಳಿಯುವಾಗ ನೆನಪಾಗುವ ಋಣ

ಬ್ರೇಕಿನ ಬೆಲೆ ಏನು ಅಂತ ಶಿರಸಿಯವರನ್ನು ಕೇಳಬೇಕು. ಕುಮಟೆಗೆ ಹೋಗಬೇಕೆಂದರೆ ನಾವು ದೇವಿಮನೆ ಘಟ್ಟ ಇಳಿಯಬೇಕು. ನಾನು ಚಿಕ್ಕವನಿದ್ದಾಗ ಮನೆಯಲ್ಲಿ ಒಂದು ಹಳೆಯ ಕಾರಿತ್ತು. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಅರ್ಧ ಘಟ್ಟ ಇಳಿಯುವಷ್ಟರಲ್ಲಿ ಸುಟ್ಟ ವಾಸನೆ ಒಳಗೆಲ್ಲ ತುಂಬುತ್ತಿತ್ತು. ಅಪ್ಪ ತುಳಿದಷ್ಟೂ ಪೆಡಲ್ ಕೆಳಗೆ ಹೋಗುತ್ತಿತ್ತು, ಗಾಡಿ ಮಾತ್ರ ಹಿಡಿತಕ್ಕೆ ಬರುತ್ತಿರಲಿಲ್ಲ. ಸ್ವಲ್ಪ ಅಗಲ ಜಾಗ ಸಿಕ್ಕ ಕೂಡಲೇ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಟ್ಟು, ಅರ್ಧ ಗಂಟೆ ಕಾಯುತ್ತಿದ್ದೆವು. ಗಾಲಿಯ ಮೇಲೆ ಬೆರಳಿನಿಂದ ನೀರು ಚಿಮುಕಿಸಿದರೆ ಚುರ್ ಅನ್ನುತ್ತಿತ್ತು. ದೋಸೆ ಕಾವಲಿಯ ಹಾಗೆ.

ಡ್ರಮ್ಮಿನೊಳಗೆ ಹುಟ್ಟಿದ ಬಿಸಿಗೆ ಹೊರಗೆ ಹೋಗಲು ದಾರಿ ಕಡಿಮೆ. ಕಾದ ಡ್ರಮ್ ಹಿಗ್ಗಿ, ಅದನ್ನು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಶೂಗಳಿಂದ ದೂರ ಸರಿಯುತ್ತದೆ, ಪೆಡಲ್ ಇನ್ನೂ ಆಳಕ್ಕೆ ಇಳಿಯುತ್ತದೆ. ಡಿಸ್ಕ್ ಬ್ರೇಕಿನಲ್ಲಿ ಎರಡು ಪ್ಯಾಡುಗಳು ಹಿಡಿಯುವ ತಟ್ಟೆ ಗಾಳಿಗೆ ತೆರೆದುಕೊಂಡಿರುತ್ತದೆ. ಬೇಗ ಆರುತ್ತದೆ, ಹಿಗ್ಗಿದರೂ ಪ್ಯಾಡಿನ ಕಡೆಗೇ ಹಿಗ್ಗುತ್ತದೆ.

ಈ ಡಿಸ್ಕ್ ಬ್ರೇಕನ್ನು ನಂಬಬಹುದು ಅಂತ ಜಗತ್ತಿಗೆ ತೋರಿಸಿಕೊಟ್ಟದ್ದು ಫ್ರಾನ್ಸಿನ ಲೆ ಮಾನ್ ಎಂಬ 24 ಗಂಟೆಯ ರೇಸು. 1953ರಲ್ಲಿ ಜಾಗ್ವಾರ್ ಕಂಪನಿ ತನ್ನ ಸಿ-ಟೈಪ್ ಕಾರಿಗೆ ಡನ್ಲಪ್ ಡಿಸ್ಕ್ ಬ್ರೇಕ್ ಹಾಕಿ ಅಲ್ಲಿಗೆ ತಂದಿತು. ಅಲ್ಲಿ ಹಲವು ಕಿಲೋಮೀಟರ್ ಉದ್ದದ ನೇರ ರಸ್ತೆ ಇದೆ, ಅದು ಮುಗಿದ ಕೂಡಲೇ ಗಕ್ಕನೆ ತಿರುವು. ಉಳಿದವರು ಎಷ್ಟೋ ಮೊದಲೇ ಬ್ರೇಕ್ ಒತ್ತಬೇಕಿತ್ತು. ಜಾಗ್ವಾರಿನವರು ತಿರುವಿನ ಹತ್ತಿರ ಬರುವ ತನಕ ವೇಗ ಬಿಡಲಿಲ್ಲ. 24 ಗಂಟೆಯೂ ಬ್ರೇಕ್ ಕೈಕೊಡಲಿಲ್ಲ. ಟೋನಿ ರೋಲ್ಟ್, ಡಂಕನ್ ಹ್ಯಾಮಿಲ್ಟನ್ ಜೋಡಿ ಗೆದ್ದಿತು. ಎರಡೇ ವರ್ಷದಲ್ಲಿ, 1955ರಲ್ಲಿ, ಸಿಟ್ರೊಯೆನ್ ಡಿಎಸ್ ಮುಂದಿನ ಚಕ್ರಗಳಿಗೆ ಡಿಸ್ಕ್ ಹಾಕಿಕೊಂಡೇ ಮಾರಾಟಕ್ಕೆ ಬಂತು. ಈಗ ನಮ್ಮ ಸಣ್ಣ ಕಾರಿನಲ್ಲೂ ಮುಂದೆ ಡಿಸ್ಕ್ ಇದೆ. ಘಟ್ಟದಲ್ಲಿ ಚಕ್ರಕ್ಕೆ ಕಲ್ಲು ಕೊಟ್ಟು ಎಷ್ಟು ವರ್ಷವಾಯಿತೋ.

ಇನ್ನೊಂದು ಕಥೆ ನನಗೆ ತುಂಬಾ ಇಷ್ಟ. 1989ರಲ್ಲಿ ಫೆರಾರಿ ತನ್ನ 640 ಎಂಬ ಫಾರ್ಮುಲಾ ಒನ್ ಕಾರಿನಲ್ಲಿ ಗೇರ್ ಲಿವರನ್ನೇ ತೆಗೆದುಹಾಕಿತು. ಸ್ಟೀರಿಂಗಿನ ಹಿಂದಿನ ಪಟ್ಟಿ ಎಳೆದರೆ ಸಾಕು, ಕಂಪ್ಯೂಟರ್ ಅಪ್ಪಣೆ ಕೊಡುತ್ತದೆ, ಎಣ್ಣೆಯ ಒತ್ತಡದಿಂದ ಕ್ಲಚ್ಚೂ ಗೇರೂ ಕೆಲಸ ಮಾಡುತ್ತವೆ. ರೇಸ್ ಮುಗಿಸುತ್ತದೆ ಅಂತ ತಂಡಕ್ಕೇ ನಂಬಿಕೆ ಇರಲಿಲ್ಲ. ಬ್ರೆಜಿಲಿನಲ್ಲಿ ನಡೆದ ಅದರ ಮೊದಲ ರೇಸಿನಲ್ಲೇ ನೈಜಲ್ ಮ್ಯಾನ್ಸೆಲ್ ಗೆದ್ದುಬಿಟ್ಟರು. ಅದರ ಎಲೆಕ್ಟ್ರಾನಿಕ್ಸ್ ಇಟಲಿಯ ಮ್ಯಾಗ್ನೆಟಿ ಮರೆಲಿ ಕಂಪನಿಯದು. 1997ರಲ್ಲಿ ಅದೇ ಉಪಾಯ ಫೆರಾರಿಯ ರಸ್ತೆ ಕಾರು ಎಫ್355ಕ್ಕೆ ಬಂತು. 2014ರಲ್ಲಿ ಮಾರುತಿ ಸೆಲೆರಿಯೋ ಎಎಂಟಿ ಗೇರಿನೊಂದಿಗೆ ನಮ್ಮಲ್ಲಿ ಬಂತಲ್ಲ, ಆ ವ್ಯವಸ್ಥೆಯೂ ಮ್ಯಾಗ್ನೆಟಿ ಮರೆಲಿಯದೇ. ಮಾಮೂಲಿ ಗೇರ್ ಬಾಕ್ಸು, ಕ್ಲಚ್ ತುಳಿಯುವ ಕೆಲಸ ಮಾತ್ರ ಯಂತ್ರದ್ದು. ನಮ್ಮ ಅಕ್ಕನಿಗೆ ಎಡಗಾಲಿನ ಮೊಣಗಂಟು ನೋವು. ಮಾರಿಕಾಂಬಾ ಜಾತ್ರೆಯ ಜನಜಂಗುಳಿಯಲ್ಲಿ ಹೆಜ್ಜೆಗೊಮ್ಮೆ ಕ್ಲಚ್ ಒತ್ತುವುದು ಅವಳಿಂದ ಆಗದ ಮಾತು. ಈಗ ಎಎಂಟಿ ಕಾರು ತಾನೇ ಓಡಿಸಿಕೊಂಡು ಬರುತ್ತಾಳೆ. ಏರಿನಲ್ಲಿ ಗೇರ್ ಬದಲಾಗುವಾಗ ಸ್ವಲ್ಪ ತಡವರಿಸುತ್ತದೆ, ನಿಜ. ಆದರೂ ಅವಳಿಗೆ ಅದು ಸ್ವಾತಂತ್ರ್ಯ.

ರ‍್ಯಾಲಿಯಲ್ಲಂತೂ ನೆಂಟಸ್ತಿಕೆ ಇನ್ನೂ ಹತ್ತಿರ. ಗ್ರೂಪ್ ಎ ಎಂಬ ವರ್ಗದ ಕಾರುಗಳ ಕಾಲದಲ್ಲಿ ಒಂದು ಕಾರನ್ನು ರ‍್ಯಾಲಿಗೆ ಇಳಿಸಬೇಕೆಂದರೆ ಅಂಥದ್ದೇ ಸಾವಿರಾರು ಕಾರು ತಯಾರಿಸಲೇಬೇಕೆಂಬ ನಿಯಮವಿತ್ತು. ನಮ್ಮಲ್ಲಿ ಮಾರುತಿ ಜಿಪ್ಸಿಯನ್ನೇ ನೋಡಿ. ಅರಣ್ಯ ಇಲಾಖೆಯವರು ಕಾಡಿನ ಕೆಸರಿನಲ್ಲಿ ಓಡಿಸಿದ ಗಾಡಿಯೇ ದೇಶದ ರ‍್ಯಾಲಿಗಳಲ್ಲೂ ವರ್ಷಗಟ್ಟಲೆ ಮೆರೆಯಿತು.

ಮುಂದಿನ ಕಥೆ ಎಲೆಕ್ಟ್ರಿಕ್ ಕಾರಿನದು. ಪಕ್ಕದ ಮನೆಯವರ ಕಾರಿನಲ್ಲಿ ಘಟ್ಟ ಇಳಿಯುವಾಗ ಬ್ಯಾಟರಿಯ ಶೇಕಡಾವಾರು ಏರಿದ್ದನ್ನು ಕಣ್ಣಾರೆ ಕಂಡೆ. ನಮ್ಮ ಅಪ್ಪನ ಕಾಲದಲ್ಲಿ ಡ್ರಮ್ಮು ಸುಡುತ್ತಿದ್ದ ಅದೇ ಶಕ್ತಿ ಈಗ ಬ್ಯಾಟರಿಗೆ ವಾಪಸು ಹೋಗುತ್ತದೆ. 2023ರಲ್ಲಿ ಹೈದರಾಬಾದಿನ ಹುಸೇನ್ ಸಾಗರದ ಪಕ್ಕ ಓಡಿದ ಫಾರ್ಮುಲಾ ಇ ಎಂಬ ಎಲೆಕ್ಟ್ರಿಕ್ ರೇಸಿನ ಕಾರುಗಳಲ್ಲಿ ಹಿಂದಿನ ಚಕ್ರಗಳ ವೇಗ ಇಳಿಸುವ ಕೆಲಸ ಮೋಟಾರಿನದೇ. ಮಹೀಂದ್ರಾ ತಂಡ 2014ರ ಮೊದಲ ಸರಣಿಯಿಂದಲೂ ಅಲ್ಲಿದೆ. ಅಲ್ಲಿ ಕಲಿತದ್ದು ನಮ್ಮ ಘಟ್ಟಕ್ಕೆ ಬಂದೇ ಬರುತ್ತದೆ ಅಂತ ನನಗೆ ನಂಬಿಕೆ.

ವಿರೋಧ: ನಮ್ಮ ಜೀವ ಉಳಿಸಿದ್ದು ಬೇರೆ ಕಡೆಯಿಂದ ಬಂತು

ನಾನು ದಿನಾ ಅಂಕೋಲೆಯಿಂದ ಕಾರವಾರಕ್ಕೆ ಕಾರಿನಲ್ಲಿ ಹೋಗಿ ಬರುತ್ತೇನೆ. ಹೆದ್ದಾರಿಯ ನಡುವೆ ದನ ಮಲಗಿರುತ್ತದೆ. ರಾಂಗ್ ಸೈಡಿನಲ್ಲಿ ಮೀನಿನ ಬುಟ್ಟಿ ಕಟ್ಟಿದ ಸ್ಕೂಟರ್ ಬರುತ್ತದೆ. ರೇಸ್ ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಓಡುತ್ತಾರೆ. ಇಷ್ಟು ಬೇರೆಯಾದ ಎರಡು ಜಗತ್ತುಗಳಲ್ಲಿ ಒಂದು ಇನ್ನೊಂದಕ್ಕೆ ಗುರು ಆಗುವುದು ಹೇಗೆ?

ಡಿಸ್ಕ್ ಬ್ರೇಕಿನ ಪೇಟೆಂಟ್ 1902ರಷ್ಟು ಹಳೆಯದು. ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ರಸ್ತೆ ಕಾರಿಗೆಂದೇ ಮಾಡಿದ್ದರು. ಡನ್ಲಪ್ ಅದನ್ನು ಪಳಗಿಸಿದ್ದು ವಿಮಾನದ ಚಕ್ರಗಳಲ್ಲಿ. ರೇಸಿನವರು ಅದನ್ನು ನಾಲ್ಕು ಜನರ ಮುಂದೆ ತೋರಿಸಿದರು, ಅಷ್ಟು ಶ್ರೇಯ ಕೊಡೋಣ. ಬ್ರೇಕಿನ ಶಕ್ತಿಯನ್ನು ಬ್ಯಾಟರಿಗೆ ತುಂಬುವುದನ್ನು ಟೊಯೊಟಾ ಪ್ರಿಯಸ್ 1997ರಲ್ಲೇ ಜನರ ಕೈಗೆ ಕೊಟ್ಟಿತ್ತು. ಫಾರ್ಮುಲಾ ಒನ್ ಅಂಥದ್ದನ್ನು ಹಾಕಿಕೊಂಡದ್ದು 2009ರಲ್ಲಿ. ಯಾರು ಯಾರಿಂದ ಕಲಿತರು ಹೇಳಿ?

ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ಕೂಡ ವಿಮಾನದಿಂದ ಬಂದದ್ದೇ. 1978ರಲ್ಲಿ ಮರ್ಸಿಡಿಸ್ ಎಸ್-ಕ್ಲಾಸಿನಲ್ಲಿ ಎಲೆಕ್ಟ್ರಾನಿಕ್ ಎಬಿಎಸ್ ಬಂತು. ಫಾರ್ಮುಲಾ ಒನ್ 1994ರಿಂದ ಅದನ್ನು ನಿಷೇಧಿಸಿತು. ಚಾಲಕನ ಕೈಚಳಕ ಕಾಣಬೇಕೆಂಬ ಅವರ ವಾದ ಆಟದ ಮಟ್ಟಿಗೆ ಸರಿ. ಆದರೆ ದನ ಅಡ್ಡ ಬಂದಾಗ ಒದ್ದೆ ರಸ್ತೆಯಲ್ಲಿ ನನಗೆ ಕೈಚಳಕ ತೋರಿಸುವುದಿಲ್ಲ, ಬ್ರೇಕ್ ಪೂರ್ತಿ ಒತ್ತಿದರೂ ಸ್ಟೀರಿಂಗ್ ತಿರುಗಬೇಕು, ಅಷ್ಟೇ. ಅಂಥ ಎಬಿಎಸ್ ನಮ್ಮ ದೇಶದ ಎಲ್ಲ ಹೊಸ ಕಾರಿಗೂ ಬಂದದ್ದು 2019ರಲ್ಲಿ. ತಂದದ್ದು ಕಾನೂನು.

ಮಳೆಯ ಮಾತು ಹೇಳಲೇಬೇಕು. 2021ರ ಆಗಸ್ಟಿನಲ್ಲಿ ಬೆಲ್ಜಿಯಮ್ಮಿನ ಸ್ಪಾದಲ್ಲಿ ಮಳೆ ಬಂತೆಂದು ರೇಸ್ ಗಂಟೆಗಟ್ಟಲೆ ನಿಂತಿತು. ಕೊನೆಗೆ ಸೇಫ್ಟಿ ಕಾರಿನ ಹಿಂದೆ ಕೆಲವು ಸುತ್ತು ಮೆರವಣಿಗೆಯ ಹಾಗೆ ಹೋಗಿ, ಅರ್ಧ ಅಂಕ ಹಂಚಿ ಮುಗಿಸಿದರು. ಜೀವಕ್ಕಿಂತ ಆಟ ದೊಡ್ಡದಲ್ಲ, ನಿಲ್ಲಿಸಿದ್ದು ಸರಿಯೇ. ನಮ್ಮಲ್ಲಿ ಜೂನ್ ಬಂದರೆ ಅದಕ್ಕಿಂತ ಜೋರು ಮಳೆ ವಾರಗಟ್ಟಲೆ ಹಿಡಿಯುತ್ತದೆ. ಹೆರಿಗೆ ನೋವು ಬಂದವಳನ್ನು ಕರೆದೊಯ್ಯುವ ಕಾರು ನಿಲ್ಲುವ ಹಾಗಿಲ್ಲ. 2024ರ ಜುಲೈನಲ್ಲಿ ನಮ್ಮ ಅಂಕೋಲೆ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡವೇ ಹೆದ್ದಾರಿಯ ಮೇಲೆ ಬಂತು. ಆ ಜಾಗ ದಾಟುವಾಗ ಈಗಲೂ ಎದೆ ಡವಡವ ಅನ್ನುತ್ತದೆ. ಇಂಥ ಕಡೆ ಬೇಕಾದದ್ದು ಸರಿಯಾಗಿ ಕಟ್ಟಿದ ರಸ್ತೆ, ಗುಡ್ಡಕ್ಕೆ ಆಸರೆ, ಗಟ್ಟಿ ಟೈರು.

ಬಾಳಿಕೆಯನ್ನೂ ನೋಡಿ. ಫಾರ್ಮುಲಾ ಒನ್ನಿನ ಒಂದು ರೇಸು ಸುಮಾರು 305 ಕಿಲೋಮೀಟರ್. 2024ರಲ್ಲಿ 24 ರೇಸಿಗೆ ಒಂದು ಕಾರಿಗೆ ದಂಡವಿಲ್ಲದೆ ಸಿಗುತ್ತಿದ್ದುದು ನಾಲ್ಕು ಎಂಜಿನ್. ನಮ್ಮವರು ಒಂದೇ ಎಂಜಿನ್ನಿನಲ್ಲಿ ಒಂದೂವರೆ ಲಕ್ಷ ಕಿಲೋಮೀಟರ್ ಓಡಿಸಿ, ಆಮೇಲೆ ತಮ್ಮನಿಗೆ ಕೊಡುತ್ತಾರೆ.

ರೇಸಿನಿಂದ ರಸ್ತೆಗೆ ಜಾಸ್ತಿ ಬಂದದ್ದು ಸ್ಟಿಕರ್ರು, ಕೆಂಪು ದಾರದ ಹೊಲಿಗೆ, ಮತ್ತು ಆ ಆಸೆ. ಶನಿವಾರ ಗೋಕರ್ಣದ ಕಡೆ ಹೊರಟ ಹುಡುಗರು ಎಡಗಡೆಯಿಂದ ಸೊಯ್ಯನೆ ನುಗ್ಗುತ್ತಾರೆ. ಒಮ್ಮೆ ಪಂಕ್ಚರ್ ಅಂಗಡಿಯಲ್ಲಿ ಅಂಥದ್ದೊಂದು ಕಾರು ನಿಂತಿತ್ತು. ಬಾಗಿಲ ತುಂಬ ರೇಸಿನ ಗೆರೆಗಳು. ಟೈರ್ ಮುಟ್ಟಿ ನೋಡಿದೆ, ಅಂಗೈಯಷ್ಟು ನುಣುಪು. ಮಳೆನೀರು ಹೊರಗೆ ತಳ್ಳುವ ಗೀರು ಒಂದೂ ಉಳಿದಿರಲಿಲ್ಲ. ಆ ಹುಡುಗರ ಮುಖದಲ್ಲಿ ಇನ್ನೂ ಮೀಸೆ ಸರಿಯಾಗಿ ಬಂದಿರಲಿಲ್ಲ.

ಕೊನೆಗೆ ಬೆಲ್ಟಿನ ಮಾತು. ಸೊಂಟಕ್ಕೂ ಎದೆಗೂ ಅಡ್ಡ ಬರುವ ಬೆಲ್ಟನ್ನು ಈಗಿನ ರೂಪಕ್ಕೆ ತಂದವರು ನಿಲ್ಸ್ ಬೋಲಿನ್. ಮೊದಲು ವಿಮಾನದ ಸೀಟುಗಳ ಕೆಲಸದಲ್ಲಿದ್ದವರು. 1959ರಲ್ಲಿ ವೋಲ್ವೋ ಅದನ್ನು ತನ್ನ ಮಾಮೂಲಿ ಕಾರಿಗೆ ಹಾಕಿತು, ಬೇರೆ ಕಂಪನಿಗಳೂ ಬಳಸಲಿ ಅಂತ ಪೇಟೆಂಟನ್ನು ಬಿಟ್ಟುಕೊಟ್ಟಿತು. ಫಾರ್ಮುಲಾ ಒನ್ನಿನಲ್ಲಿ ಬೆಲ್ಟ್ ಕಡ್ಡಾಯವಾದದ್ದು 1972ರಲ್ಲಿ.

ನನ್ನ ಕಾರಿಗೆ ಸೀಟ್ ಕವರ್ ಹೊಲಿಸಿದಾಗ ಹಿಂದಿನ ಸೀಟಿನ ಬಕಲ್‌ಗಳು ಕವರಿನ ಅಡಿಗೆ ಹೋಗಿದ್ದವು. ಎರಡು ವರ್ಷ ನಾನು ಗಮನಿಸಿರಲೇ ಇಲ್ಲ. ಶಿರೂರಿನ ಸುದ್ದಿ ಬಂದ ವಾರ ಬ್ಲೇಡ್ ತಂದು, ಹೊಸ ಕವರನ್ನು ಮೂರು ಕಡೆ ಕೊಯ್ದು, ಬಕಲ್‌ಗಳನ್ನು ಹೊರಗೆ ಎಳೆದೆ. ಒಳಗೆ ಮರಳು, ಶೇಂಗಾ ಸಿಪ್ಪೆ ಎಲ್ಲ ಸಿಕ್ಕಿಕೊಂಡಿತ್ತು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೆಗೆದೆ. ಮಗಳು ಹತ್ತಿ ಕೂತಳು, ಬೆಲ್ಟ್ ಎಳೆದು ಒತ್ತಿದಳು. ಟಿಕ್ ಅಂತ ಸದ್ದಾಯಿತು.